ಸತ್ಯಾಂಶ: ಆಂಜಿಯೋಗ್ರಾಂ ಅಂದರೆ ಎದೆ ಕೊಯ್ಯುವುದಲ್ಲ

ರಾಯಚೂರು, ಸಿಂಧನೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಸಂದೇಶ ಇದು: "ಆಂಜಿಯೋಗ್ರಾಂ ಮಾಡಿಸಿದರೆ ಹೃದಯ ವೀಕ್ ಆಗುತ್ತದೆ. ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಜೇನು ಸೇರಿಸಿ ಕುಡಿಯಿರಿ, ಬ್ಲಾಕ್ ಕರಗುತ್ತದೆ." ಎರಡೂ ಮಾತು ತಪ್ಪು.

ಆಂಜಿಯೋಗ್ರಾಂ ಅಂದರೆ ಹೃದಯದ ರಕ್ತನಾಳದಲ್ಲಿ ಬ್ಲಾಕ್, ಅಂದರೆ ಅಡಚಣೆ, ಇದೆಯೇ ಎಂದು ನೋಡುವ ಪರೀಕ್ಷೆ. ಇದರಲ್ಲಿ ಎದೆಗೆ ಚಾಕು ತಾಗುವುದೇ ಇಲ್ಲ. ಮಣಿಕಟ್ಟಿನಲ್ಲಿ ನಾಡಿ ಹಿಡಿದು ನೋಡುತ್ತಾರಲ್ಲ, ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಕೆಲವರಿಗೆ ತೊಡೆಸಂದಿಯಲ್ಲಿ. ಅಲ್ಲಿಂದ ಸುಮಾರು 2 ಮಿಲಿಮೀಟರ್ ದಪ್ಪದ ಮೆತ್ತನೆ ನಳಿಕೆ ರಕ್ತನಾಳದೊಳಗೇ ಹೃದಯದ ತನಕ ಹೋಗುತ್ತದೆ. ರೋಗಿ ಎಚ್ಚರವಾಗಿರುತ್ತಾರೆ, ಡಾಕ್ಟರ್ ಜೊತೆ ಮಾತಾಡಬಹುದು. ಎಕ್ಸ್‌ರೇಯಲ್ಲಿ ನಾಳ ಕಾಣಲೆಂದು ನಳಿಕೆಯಲ್ಲಿ ಡೈ ಎಂಬ ದ್ರವ ಬಿಟ್ಟಾಗ ಕೆಲವರಿಗೆ ಮೈ ಬೆಚ್ಚಗಾದಂತೆ ಅನಿಸುತ್ತದೆ. ನಾಳ ಎಲ್ಲಿ ಕಿರಿದಾಗಿದೆ ಎಂದು ಎಕ್ಸ್‌ರೇ ಪರದೆ ಮೇಲೆ ಕಾಣುತ್ತದೆ.

ಬೇಕಾದರೆ ಅದೇ ದಾರಿಯಲ್ಲಿ ಬಲೂನ್ ಉಬ್ಬಿಸಿ, ನಾಳ ತೆರೆದೇ ಇರಲೆಂದು ಸ್ಟೆಂಟ್ ಎಂಬ ಸಣ್ಣ ಜಾಲರಿ ಕೊಳವೆ ಕೂರಿಸುತ್ತಾರೆ. ಎಲ್ಲ ಬ್ಲಾಕ್‌ಗೂ ಸ್ಟೆಂಟ್ ಬೇಕಿಲ್ಲ, ಕೆಲವಕ್ಕೆ ಮಾತ್ರೆ ಸಾಕು. ಮನುಷ್ಯರ ಹೃದಯದ ನಾಳವನ್ನು ಹೀಗೆ ಬಲೂನಿನಿಂದ ಮೊದಲು ಬಿಡಿಸಿದವರು ಡಾಕ್ಟರ್ ಆಂಡ್ರಿಯಾಸ್ ಗ್ರುಂಟ್ಸಿಗ್, 1977ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ.

ಅಪಾಯವೇ ಇಲ್ಲ ಅಂತಲ್ಲ. ರಕ್ತಸ್ರಾವ, ಡೈ ಅಲರ್ಜಿ, ಕಿಡ್ನಿಗೆ ತೊಂದರೆ ಆಗಬಹುದು. ಗಂಭೀರ ತೊಂದರೆ ಅಪರೂಪ. ಕಿಡ್ನಿ ಕಾಯಿಲೆ ಇದ್ದರೆ, ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ.

ಬೆಳ್ಳುಳ್ಳಿ ಅಡುಗೆಗೆ ಒಳ್ಳೆಯದೇ. ಆದರೆ ಬ್ಲಾಕ್ ಅನ್ನುವುದು ನಾಳದ ಗೋಡೆಯೊಳಗೇ ಕೊಬ್ಬು, ಕ್ಯಾಲ್ಸಿಯಂ ಸೇರಿ ಬೆಳೆದದ್ದು. ಕಷಾಯಕ್ಕೆ ಅದು ಕರಗುವುದಿಲ್ಲ. ಕಷಾಯ ನಂಬಿಕೊಂಡು ದಿನ ದೂಡುವುದೇ ನನಗೆ ಜಾಸ್ತಿ ಭಯ. ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಸುಮ್ನೆ ನಿಲ್ಲಿಸಬೇಡಿ.