ಜಾಕೆಟ್ ದಡಕ್ಕೆ, ಜನ ಹೊಳೆಗೆ

ಶ್ರೀರಂಗಪಟ್ಟಣದ ಆಸುಪಾಸಿನ ಕಾವೇರಿಯಲ್ಲಿ ಲೈಫ್ ಜಾಕೆಟ್‌ಗೆ ಎರಡೇ ಕೆಲಸ: ದಡದಲ್ಲಿ ಫೋಟೋಗೆ ನಿಲ್ಲುವುದು, ತೆಪ್ಪದಲ್ಲಿ ಕುಂಡಿ ಕೆಳಗೆ ಮೆತ್ತೆಯಾಗುವುದು. ತೊಟ್ಟವರೂ ಬಕಲ್ ಹಾಕುವುದಿಲ್ಲ, ಸೆಕೆಯಂತೆ. ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆದಾಗ ಜಾಕೆಟ್ ಗದ್ದ ದಾಟಿ ಕಿವಿಗೆ ಬಂದರೆ, ನೀರಿಗೆ ಬಿದ್ದ ಮೇಲೆ ತೇಲುವುದು ಜಾಕೆಟ್ ಮಾತ್ರ. ಐದು ಸೆಕೆಂಡಿನ ಪರೀಕ್ಷೆ. ರೀಲ್ಸ್‌ಗೆ ಹತ್ತು ಟೇಕ್ ಬೇಕಾದವರಿಗೆ ಅಷ್ಟು ಪುರುಸೊತ್ತೆಲ್ಲಿ?

ಅಂಬಿಗ “ಕೂತ್ಕಳ್ರಣ್ಣ” ಎನ್ನುವುದು ಉಪಚಾರಕ್ಕಲ್ಲ. ದುಂಡನೆಯ ತೆಪ್ಪ ಭಾರ ಹಂಚಿ ಕೂತಾಗಷ್ಟೇ ನೆಟ್ಟಗಿರುತ್ತದೆ. ಸೆಲ್ಫಿಗೆ ಒಬ್ಬ ಎದ್ದರೆ ಆ ಅಂಚು ತಗ್ಗುತ್ತದೆ. ಫ್ರೇಮಿಗೆ ಸೇರಲು ಉಳಿದವರೂ ಅದೇ ಬದಿಗೆ ವಾಲುತ್ತಾರೆ. ಗ್ರೂಪ್ ಫೋಟೋ ಪೂರ್ತಿ, ತೆಪ್ಪವೂ ಭರ್ತಿ.

ಬಾಡಿಗೆ ಕಯಾಕಿನ ಹೊಸಬರದು ರಿಂಗ್ ರೋಡಿನ ವಿದ್ಯೆ. ಹೊಳೆಯಲ್ಲಿ ಕೆಳಗಿರುವ ದೋಣಿಗೆ ಮೊದಲ ಹಕ್ಕು. ಅದು ಇಕ್ಕಟ್ಟು ದಾಟುವ ತನಕ ಮೇಲಿನವರು ತಡೆಯಬೇಕು. ನಮ್ಮವರು ಬಾಲ ಹಿಡಿದೇ ಹೋಗುತ್ತಾರೆ, ಹೊಳೆಗೆ ಬ್ರೇಕ್ ಇದ್ದಂತೆ. ಬಂಡೆ ಬಂದರೆ ಹೆದರಿ ಅದರಿಂದಾಚೆ ವಾಲುತ್ತಾರೆ. ಆಗ ಹರಿವು ಬರುವ ಕಡೆಯ ಅಂಚು ಮುಳುಗಿ, ನೀರು ನುಗ್ಗಿ, ದೋಣಿ ಬಂಡೆಗೆ ಅಂಟಿಕೊಳ್ಳುತ್ತದೆ. ವಾಲಬೇಕಾದ್ದು ಬಂಡೆಯ ಕಡೆಗೇ. ಇದನ್ನು ಹೇಳಿಕೊಡಲು ಬಾಡಿಗೆಯಲ್ಲಿ ಜಾಗವಿಲ್ಲ.

ಅಡ್ಡಕಟ್ಟೆಗಳದ್ದು ಇನ್ನೂ ಮೋಸ. ಮೇಲಿಂದ ನೋಡಿದರೆ ನೀರು ಚಾಪೆ ಹಾಸಿದ ಹಾಗೆ. ಧುಮುಕಿದ ಬುಡದಲ್ಲಿ ಮೇಲ್ನೀರು ಕಟ್ಟೆಯ ಕಡೆಗೇ ಮರಳಿ ಹರಿದು, ಬಿದ್ದವರನ್ನು ಅಲ್ಲೇ ಮುಳುಗಿಸಿ ತೇಲಿಸಿ ಸುತ್ತಿಸುತ್ತದೆ. ಈಜು ಬಂದವರಿಗೂ ರಿಯಾಯಿತಿಯಿಲ್ಲ.

ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಂಡ್ಯದ ಮಕ್ಕಳಿಗೂ ಬಾಯಿಪಾಠ. ಟೀ ಅಂಗಡಿಯಲ್ಲಿ ಒಳಹರಿವು, ಹೊರಹರಿವು ಎಂದು ಕಪ್ಪು ಆರುವ ತನಕ ವಾದ. 10,000 ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 2.83 ಲಕ್ಷ ಲೀಟರ್. ಆದರೆ ಇವತ್ತು ಎಷ್ಟು ಬಿಟ್ಟಿದ್ದಾರೆ ಎಂದು ದೋಣಿ ಹತ್ತುವ ಮುಂಚೆ ಕೇಳುವವರಿಲ್ಲ. ಕ್ಯೂಸೆಕ್ ಇರುವುದು ತಮಿಳುನಾಡಿಗೆ ಲೆಕ್ಕ ಹೇಳುವುದಕ್ಕೆ.

ಬಿದ್ದವರು ಅಂಗಾತ ಮಲಗಿ, ಕಾಲು ಮೇಲೆತ್ತಿ ಹರಿವು ಹೋಗುವ ಕಡೆಗೆ ಚಾಚಬೇಕು. ನಿಲ್ಲಹೋದರೆ ಪಾದ ಬಂಡೆಸಂದಿಗೆ ಸಿಕ್ಕಿ, ರಭಸ ಮೈಯನ್ನು ಮುಂದಕ್ಕೆ ಮುಗ್ಗರಿಸಿ ಮುಳುಗಿಸುತ್ತದೆ. ದಡದವರು ನೀರಿಗೆ ಹಾರದೆ ಹಗ್ಗ ಎಸೆಯಬೇಕು. ಹಗ್ಗ ಇದೆ, ಇಲ್ಲವೆನ್ನುವಂತಿಲ್ಲ. ಎರಡು ಮರಗಳ ನಡುವೆ ಫ್ಲೆಕ್ಸ್ ಕಟ್ಟಿದ್ದಾರೆ: “ಸುರಕ್ಷಿತ ಜಲವಿಹಾರಕ್ಕೆ ಸುಸ್ವಾಗತ.”