ಹೆಸರಿಲ್ಲದ ಮುಯ್ಯಿ

2025ರ ಆಗಸ್ಟ್ 5, ಸಾರಿಗೆ ನೌಕರರ ಮುಷ್ಕರದ ದಿನ. ಪಕ್ಕದ ಮನೆಯವರು ಗೇಟಿನ ಹತ್ತಿರ ನಿಂತು ತೀರ್ಪು ಕೊಟ್ಟರು: "ಈ ಯೂನಿಯನ್‌ಗಳನ್ನ ಮೊದಲು ಬ್ಯಾನ್ ಮಾಡ್ಬೇಕು ಸಾರ್. ಬರೀ ರಾಜಕೀಯ!" ಹಿಂದಿನ ವರ್ಷ, ಕೊಟ್ಟವರ ಹೆಸರು ಹೊರಗೆ ಕಾಣದಂತೆ ಪಕ್ಷಗಳಿಗೆ ದೇಣಿಗೆ ಕೊಡುತ್ತಿದ್ದ ಚುನಾವಣಾ ಬಾಂಡ್‌ಗಳ ಪಟ್ಟಿ ಹೊರಬಿದ್ದಾಗ ಇವರೇ, "ಕಂಪನಿ ಅಂದ್ಮೇಲೆ ಕೊಡ್ತಾರೆ ಬಿಡಿ" ಎಂದಿದ್ದರು.

ಕೊಡ್ತಾರೆ, ನಿಜ. ಕೊಡುವ ರೀತಿ ನೋಡಿದರೆ ಕಣ್ಣು ತುಂಬಿ ಬರುತ್ತದೆ. 2019ರ ಏಪ್ರಿಲ್‌ನಲ್ಲಿ ಪಾಟ್ನಾದ ಜೆಡಿಯು ಕಚೇರಿಗೆ ಯಾರೋ ಬಂದರಂತೆ. ಲಕೋಟೆ ಕೊಟ್ಟು ಹೋದರಂತೆ. ಒಡೆದು ನೋಡಿದರೆ ಕೋಟಿ ರೂಪಾಯಿಯ ಹತ್ತು ಬಾಂಡ್! ಯಾರು ಕೊಟ್ಟರೋ ಗೊತ್ತಿಲ್ಲ ಎಂದು ಪಕ್ಷವೇ ಚುನಾವಣಾ ಆಯೋಗಕ್ಕೆ ಬರೆದುಕೊಟ್ಟಿದೆ. ಸಮಾಜವಾದಿ ಪಕ್ಷಕ್ಕೆ 10 ಕೋಟಿ ಅಂಚೆಯಲ್ಲಿ ಬಂತಂತೆ. ನನಗೆ ಇನ್ನೂರು ರೂಪಾಯಿಯ ಪುಸ್ತಕ ಬರಬೇಕಾದರೆ ಮೂರು ಫೋನು, ಒಂದು ಓಟಿಪಿ, ವಾಚ್‌ಮನ್ ವಿಚಾರಣೆ.

ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆಯಲು ಒಬ್ಬ ಮೇಷ್ಟ್ರು ಕೂರುತ್ತಾರೆ. 51 ರೂಪಾಯಿ ಹಾಕಿದವನೂ ಬಗ್ಗಿ ನೋಡುತ್ತಾನೆ, ಹೆಸರು ಸರಿಯಾಗಿ ಬಿತ್ತಾ ಅಂತ. ಇನಿಷಿಯಲ್ ತಪ್ಪಿದರೆ ಜಗಳ. ನಾಳೆ ತನ್ನ ಮಗಳ ಮದುವೆಗೆ ಅದು ವಾಪಸ್ ಬರಬೇಕಲ್ಲ! ಹೆಸರು ಬರೆಸದೆ ಮುಯ್ಯಿ ಹಾಕಿದವರನ್ನು ನಾನಂತೂ ಕಂಡಿಲ್ಲ. ಆದರೆ ಫ್ಯೂಚರ್ ಗೇಮಿಂಗ್ ಎಂಬ ಲಾಟರಿ ಕಂಪನಿ 1,368 ಕೋಟಿ, ಮೇಘಾ ಇಂಜಿನಿಯರಿಂಗ್ 966 ಕೋಟಿ ಮುಯ್ಯಿ ಹಾಕಿದವು, ನಮಗೆ ಹೆಸರು ಕಾಣದ ಹಾಗೆ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಯೋಜನೆಯನ್ನೇ ರದ್ದು ಮಾಡಿ ಪುಸ್ತಕ ತೆಗೆಯಿರಿ ಎಂದಿತು. ಲೆಕ್ಕ ಹೊಂದಿಸಲು ಜೂನ್ 30ರ ತನಕ ಟೈಮ್ ಬೇಕು ಎಂದಿತು ಬಾಂಡ್ ಮಾರಿದ್ದ ಎಸ್‌ಬಿಐ. ಅಷ್ಟರಲ್ಲಿ ಲೋಕಸಭಾ ಚುನಾವಣೆ ಮುಗಿದು, ಊಟ ಮುಗಿದು, ಚಪ್ಪರವನ್ನೂ ಬಿಚ್ಚಿರುತ್ತಿದ್ದರು. ಕೋರ್ಟ್ ಒಂದು ದಿನ ಕೊಟ್ಟಿತು. ಪಟ್ಟಿ ಬಂತು! ನಮ್ಮ ಮೇಷ್ಟ್ರಿಗೆ ಅರ್ಧ ಗಂಟೆ ಸಾಕಿತ್ತು.

ಇನ್ನು ಆ ಪಾಪಿ ಯೂನಿಯನ್‌ಗಳು. ಮುಖಂಡರೇನು ಸನ್ಯಾಸಿಗಳಲ್ಲ. ಆದರೆ ಸಿಐಟಿಯು ಸಿಪಿಎಂ ಕಡೆ, ಐಎನ್‌ಟಿಯುಸಿ ಕಾಂಗ್ರೆಸ್ ಕಡೆ, ಬಿಎಂಎಸ್ ಸಂಘ ಪರಿವಾರದ ಕಡೆ ಎಂದು ಟೀ ಅಂಗಡಿಯ ಹುಡುಗನೂ ಹೇಳುತ್ತಾನೆ. 1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲೇ ಬರೆದಿಟ್ಟಿದ್ದರು: ರಾಜಕೀಯಕ್ಕೆ ಖರ್ಚು ಮಾಡಬೇಕಾದರೆ ಬೇರೆ ನಿಧಿ ಇಡಬೇಕು. ಅದಕ್ಕೆ ಕೊಡು ಎಂದು ಸದಸ್ಯನನ್ನು ಬಲವಂತ ಮಾಡುವಂತಿಲ್ಲ. ಕೊಡಲ್ಲ ಎಂದವನನ್ನು ಸಂಘದ ಸೌಲಭ್ಯಗಳಿಂದ ಹೊರಗಿಡುವಂತಿಲ್ಲ. ಕಂಪನಿಗೆ ಈ ರಗಳೆ ಇಲ್ಲ. ಆಡಳಿತ ಮಂಡಳಿ ಕೂತು ಗೋಡಂಬಿ ತಿನ್ನುತ್ತಾ ಒಂದು ನಿರ್ಣಯ ಮಾಡಿದರಾಯಿತು. ಮೊದಲು ಮೂರು ವರ್ಷದ ಸರಾಸರಿ ಲಾಭದ 7.5 ಶೇಕಡಾ ದಾಟಬಾರದು ಎಂಬ ಮಿತಿಯಾದರೂ ಇತ್ತು. 2017ರಲ್ಲಿ ಅದನ್ನೂ ಕಿತ್ತರು. ಆಗ, 2024ರ ತೀರ್ಪು ಬರುವ ತನಕ, ನಷ್ಟದಲ್ಲಿರುವ ಕಂಪನಿಯೂ ಕೊಡಬಹುದು ಎಂದಾಯಿತು. ತಾನು ಉಪವಾಸ ಬಿದ್ದು ಪಕ್ಷಕ್ಕೆ ಉಣಿಸುವ ಈ ತಾಯಿಕರುಳಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು, ಅಲ್ವಾ?

ನಮ್ಮ ಬೆಂಗಳೂರನ್ನೇ ನೋಡಿ. 2024ರ ಜುಲೈ 15ರಂದು ಸ್ಥಳೀಯರ ಉದ್ಯೋಗ ಮೀಸಲಾತಿ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಮಸೂದೆ ಸರಿಯೋ ತಪ್ಪೋ, ಅದು ಬೇರೆ ಮಾತು. ಉದ್ಯಮಿಗಳು ಮುಖ ಸಿಂಡರಿಸಿದರು, ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂ ಒಂದು ಹೇಳಿಕೆ ಕೊಟ್ಟಿತು. 17ಕ್ಕೆ ಮಸೂದೆ ಮೂಲೆಗೆ. ಎರಡೇ ದಿನ. ಬಸ್ ಓಡಿಸುವವರು ಕೇಳಿದ್ದು ವೇತನ ಹೆಚ್ಚಳದ 38 ತಿಂಗಳ ಹಿಂಬಾಕಿ. ದುಡಿದ ದುಡ್ಡು ರೀ, ದಾನ ಅಲ್ಲ. ತಿಂಗಳುಗಟ್ಟಲೆ ಮನವಿ, ಸಭೆ, ಮತ್ತೆ ಸಭೆ. ಕೊನೆಗೆ ಬಸ್ ನಿಲ್ಲಿಸಿದರೆ ಅಗತ್ಯ ಸೇವೆಯಲ್ಲಿ ಮುಷ್ಕರ ನಿಷೇಧಿಸುವ ಎಸ್ಮಾ ಕಾಯ್ದೆಯ ಬೆದರಿಕೆ, ಹೈಕೋರ್ಟ್ ತಡೆ. ಒಂದು ದಿನವೂ ಪೂರ್ತಿ ನಡೆಯಲಿಲ್ಲ. ಆದರೂ ಬೈಸಿಕೊಂಡವರು ಅವರೇ. ಇದರಲ್ಲಿ ತಮಾಷೆ ಹುಡುಕಿ ಹುಡುಕಿ ನನಗೂ ಸಾಕಾಗಿದೆ.

ಪಕ್ಕದ ಮನೆಯವರ ಹತ್ತಿರ ಒಂದಿಷ್ಟು ಷೇರುಗಳಿವೆ. ಅವರ ಕಂಪನಿಯ ಹೆಸರೂ ಬಾಂಡ್ ಪಟ್ಟಿಯಲ್ಲಿತ್ತು. "ಕೊಡುವಾಗ ನಿಮ್ಮನ್ನ ಯಾರಾದ್ರೂ ಕೇಳಿದ್ರಾ?" ಎಂದೆ.

ತುಂಬಾ ಹೊತ್ತು ಯೋಚಿಸಿದರು. "ಓಹೋ, ಆ ವರ್ಷ ಡಿವಿಡೆಂಡ್ ಕಮ್ಮಿ ಬಂದಿದ್ದು ಅದಕ್ಕೇನಾ?"