‘ದೆಸೆಯಿಂದ’ ಎಂದು ಯಾರು ಮಾತನಾಡುತ್ತಾರೆ?

ನಿನ್ನೆ ಸಂಜೆ ನಾಲ್ಕನೇ ತರಗತಿಯ ಮಗಳು ಕಿರುಪರೀಕ್ಷೆಯ ಹಾಳೆ ಹಿಡಿದು ಅಳುತ್ತಾ ಬಂದಳು. ‘ಮರದಿಂದ ಹಣ್ಣು ಬಿತ್ತು’: ಇಲ್ಲಿರುವ ವಿಭಕ್ತಿ ಯಾವುದು? ‘ಇಂದ’ ಇದೆಯಲ್ಲ ಎಂದು ತೃತೀಯಾ ಎಂದು ಬರೆದಿದ್ದಾಳೆ. ಕೆಂಪು ಗೀಟು, ಸೊನ್ನೆ. ಹಣ್ಣು ಮರವನ್ನು ಬಿಟ್ಟು ಬಂದದ್ದರಿಂದ ಸರಿಯುತ್ತರ ಪಂಚಮಿಯಂತೆ! ಆದರೆ ಅವಳಿಗೆ ಬಾಯಿಪಾಠ ಮಾಡಿಸಿದ ಪಟ್ಟಿಯಲ್ಲಿ ಪಂಚಮಿಯ ಪ್ರತ್ಯಯ ‘ದೆಸೆಯಿಂದ’. ನಮ್ಮ ದಾವಣಗೆರೆಯಲ್ಲಿ ಯಾರಾದರೂ ‘ಹರಿಹರದ ದೆಸೆಯಿಂದ ಬಸ್ ಬಂತು’ ಎನ್ನುತ್ತಾರೆಯೇ? ಸಂಸ್ಕೃತದ ವಿಭಕ್ತಿಗಳ ಅಚ್ಚಿನಲ್ಲಿ ಕನ್ನಡವನ್ನು ಕೂರಿಸಲು ಹೋಗಿ ಹುಟ್ಟಿದ ತೊಡಕು ಇದು. ಪಂಚಮಿ ಕನ್ನಡಕ್ಕೆ ಬೇಕೇ ಎಂದು ವಿದ್ವಾಂಸರೇ ಕೇಳಿದ್ದಾರೆ. ಆ ಭಾರವನ್ನು ಒಂಬತ್ತು ವರ್ಷದ ಮಗುವಿನ ತಲೆಗೆ ಕಟ್ಟಬೇಕೇ?

ವ್ಯಾಕರಣದ ಮೇಲೆ ನನಗೆ ಸಿಟ್ಟಿಲ್ಲ. ಪ್ರೌಢಶಾಲೆಯಲ್ಲಿ ಕಲಿಯಲಿ, ಆಗ ಅದರ ರುಚಿಯೂ ಹತ್ತುತ್ತದೆ. ಇದೇ ಹುಡುಗಿ ಮಂಡಕ್ಕಿ ಭಟ್ಟಿಯಲ್ಲಿ ಕಂಡದ್ದನ್ನೆಲ್ಲ ಅಜ್ಜಿಗೆ ವರ್ಣಿಸುವಾಗ ಒಂದು ಪ್ರತ್ಯಯವೂ ತಪ್ಪುವುದಿಲ್ಲ. ಅದನ್ನು ಬರೆಸಿ, ಅದಕ್ಕೆ ಅಂಕ ಕೊಡಿ! ಅವಳಿಗೆ ಬಾರದಿರುವುದು ವಿಭಕ್ತಿಯ ಹೆಸರು ಮಾತ್ರ, ಭಾಷೆಯಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ‘ನನಗೆ ಕನ್ನಡ ಬರುವುದಿಲ್ಲ ಅಪ್ಪಾ’ ಎಂದಳು. ತುತ್ತು ನನ್ನ ಗಂಟಲಲ್ಲೇ ನಿಂತಿತು.